ಹೆಸರು ಹೇಳಬಾರದ ಗಡ್ಡೆ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿಗೆ ‘ಘಾಟುಗಡ್ಡೆ’ ಎನ್ನುತ್ತಿದ್ದೆವು. ನಮ್ಮ ಕಿರ್ಗಿಜ್ ಮಾತಿನಲ್ಲಿ ಬೆಳ್ಳುಳ್ಳಿಗೆ ಏನು ಹೆಸರೋ ನನ್ನ ಮಾವನವರಿಗೂ ಅದೇ ಹೆಸರು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ತಮ್ಮ ಗಂಡನ ಹೆಸರನ್ನು ಅತ್ತೆಯೂ ಹೇಳುವ ಹಾಗಿಲ್ಲ. ಹುಟ್ಟಿದ ಮಗುವಿಗೆ ಬೆಳ್ಳುಳ್ಳಿ ಎಂದು ಹೆಸರಿಟ್ಟ ಆ ಪುಣ್ಯಾತ್ಮರು, ಮುಂದೆ ಈ ಮನೆಗೆ ಬರುವ ಹೆಂಗಸರು ಅಡಿಗೆ ಹೇಗೆ ಮಾಡಬೇಕು ಎಂದು ಒಂದು ಗಳಿಗೆ ಯೋಚಿಸಬಾರದಿತ್ತೇ?

ಮಾವ ಚಳಿಗಾಲ ಶುರುವಾಗುವ ಮುಂಚೆ ತೀರಿಕೊಂಡರು. ಹಿಮ ಬಿದ್ದ ಮೇಲೆ ನನ್ನ ಮಗಳು ಮೀರಿಮ್‌ಗೆ ಕಿವಿನೋವು ಹತ್ತಿಕೊಂಡಿತು. ಗಂಡ ಕುದುರೆಗಳ ಜೊತೆ ದೂರದ ಹುಲ್ಲುಗಾವಲಿನಲ್ಲಿದ್ದ. ನಾರಿನ್ ಪೇಟೆಯ ಆಸ್ಪತ್ರೆಗೆ ಹೋಗುವ ದಾರಿ ಹಿಮದಡಿ ಹೂತುಹೋಗಿತ್ತು. ಮನೆಯಲ್ಲಿದ್ದವರು ನಾನು, ಮಗು, ಅತ್ತೆ, ಇಷ್ಟೇ ಜನ.

ಮನೆಮದ್ದಿನಲ್ಲಿ ಅತ್ತೆಯದು ಪಳಗಿದ ಕೈ. ಕಿಟಕಿಯ ಕುಂಡದಲ್ಲಿದ್ದ ಜೆರೇನಿಯಂ ಎಲೆ ಹಿಸುಕಿ ಕಿವಿಗಿಟ್ಟರು. ಈರುಳ್ಳಿ ಸುಟ್ಟು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಹೆಸರು ಹಿಡಿದು ಕರೆಯದ ಮದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಾರೆ ನಮ್ಮವರು. ಹಾಗಾಗಿ ಅತ್ತೆ ಪ್ರತಿಯೊಂದನ್ನೂ ಕರೆದು ಮಾತಾಡಿಸುತ್ತಿದ್ದರು. “ಈರುಳ್ಳಿ, ಬಾರಮ್ಮ, ನೋವು ಎಳ್ಕೊಂಡು ಹೋಗು.” ಯಾವುದಕ್ಕೂ ನೋವು ಬಗ್ಗಲಿಲ್ಲ.

ಕೊನೆಗೆ ಕುರಿಬಾಲದ ಕೊಬ್ಬಿನಲ್ಲಿ ಬೆಳ್ಳುಳ್ಳಿ ಬಾಡಿಸಿ, ಬಟ್ಟೆಯಲ್ಲಿ ಸುತ್ತಿ ಕಿವಿಗೆ ಒತ್ತಿದರು.

“ಘಾಟುಗಡ್ಡೆ, ಬಾರಪ್ಪ, ನೋವು ಎಳ್ಕೋ.”

“ಗಂಡನ್ನ ‘ಬಾರಪ್ಪ’ ಅಂತೀರಲ್ಲ ಅತ್ತೆ!”

“ಮುಚ್ಚೇ ಬಾಯಿ, ತಲೆಹರಟೆ,” ಎಂದು ಅತ್ತೆಯೂ ನಕ್ಕರು.

ಅಷ್ಟರಲ್ಲಿ ಮೀರಿಮ್‌ಳ ಅಳು ಥಟ್ಟನೆ ನಿಂತಿತು. ತಲೆ ವಾಲಿಸಿ ಏನನ್ನೋ ಆಲಿಸಿದಳು.

“ಅಮ್ಮಾ, ತಾತ.”

“ಎಲ್ಲಿ ಪುಟ್ಟಾ?”

“ಕಿವಿಯೊಳಗೆ. ಆಚೆ ಬರಕ್ಕೆ ಆಗ್ತಿಲ್ವಂತೆ. ಕರೀರಿ ಅಂತಾರೆ.”

ಅತ್ತೆಯ ಮುಖದ ನಗು ಇಳಿದುಹೋಯಿತು. “ಏನಂತ ಕರೀಬೇಕಂತೆ, ಕೇಳು.”

ಮಗು ಆ ಹೆಸರನ್ನು ಹೇಳಿತು. ಪೂರ್ತಿಯಾಗಿ ಹೇಳಿತು. ಮುಂದಿನ ಹಲ್ಲುಗಳು ಬಿದ್ದುಹೋದ ಮೇಲೆ ಮಾವ ಹೇಗೆ ಗಾಳಿ ಬಿಟ್ಟುಕೊಂಡು ಹೇಳುತ್ತಿದ್ದರೋ ಥೇಟ್ ಹಾಗೆಯೇ.

“ಪಕ್ಕದ ಮನೇಲಿ ಕೇಳಿರ್ತಾಳೆ ಅತ್ತೆ,” ಎಂದೆ. “ಅವ್ರು ಗಡ್ಡೇನ ಹೆಸರು ಹಿಡಿದೇ ಕರೀತಾರಲ್ವಾ?”

ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಿವಿಯ ಹಿಂದೆ ಕೆಂಪಗೆ ಊದಿಕೊಂಡಿತು, ಮೈ ಕೆಂಡದಂತೆ ಸುಡುತ್ತಿತ್ತು. ಹೊರಗೆ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೀರಿಮ್ ಕಣ್ಣು ಮುಚ್ಚಿಕೊಂಡೇ, ಸಮಾಧಾನದಿಂದ ಕೇಳಿದಳು:

“ನೀವು ಕರೀದಿದ್ರೆ ನನ್ನೇ ಬಾ ಅಂತಿದಾರೆ. ಹೋಗ್ಲಾ ಅಮ್ಮಾ?”

“ಬೇಡ!” ಎಂದು ಚೀರಿದೆ. ಹಾಳಾಗಿ ಹೋಗಲಿ ಪದ್ಧತಿ, ನನಗೆ ನನ್ನ ಮಗು ಬೇಕು. ಆ ಹೆಸರು ಹೇಳಲು ಬಾಯಿ ತೆರೆದೆ. ಕೊಬ್ಬು ಮೆತ್ತಿದ್ದ ಅತ್ತೆಯ ಕೈ ನನ್ನ ಬಾಯನ್ನು ಗಟ್ಟಿಯಾಗಿ ಮುಚ್ಚಿತು.

“ನಿಂಗೇನು ಬುದ್ಧಿ ಇದ್ಯಾ? ಸತ್ತೋರ ವರ್ಷದ ಊಟ ಹಾಕೋಕೆ ಮುಂಚೆ ಮನೆಯೋರು ಅವ್ರನ್ನ ಹೆಸರು ಹಿಡಿದು ಕರೆದ್ರೆ, ಕರೆದೋರನ್ನೇ ಕರ್ಕೊಂಡು ಹೋಗ್ತಾರೆ ಕಣೇ!”

“ಮಗು ಹೋಗ್ಬಿಟ್ರೆ?”

“ಅದಕ್ಕೇ ನಾನಿದೀನಲ್ಲ.”

ಅತ್ತೆ ತಲೆಯ ಬಿಳಿ ವಸ್ತ್ರ ಸರಿಮಾಡಿಕೊಂಡು, ಇಣುಕುತ್ತಿದ್ದ ಕೂದಲನ್ನು ಒಳಗೆ ತುರುಕಿಕೊಂಡರು. ಮಗುವಿನ ಕಿವಿಯ ಹತ್ತಿರ ಬಾಗಿದರು. ಆಮೇಲೆ, ಅಂಗಳದಲ್ಲಿರುವವರನ್ನು ಚಹಾ ಕುಡಿಯಲು ಕರೆಯುವ ಹಾಗೆ, ಮೆಲ್ಲಗೆ ಕರೆದರು. ಆ ಮನುಷ್ಯನಿಗೆ ಮಕ್ಕಳನ್ನು ಹೆತ್ತುಕೊಟ್ಟು, ಬೈಸಿಕೊಂಡು, ಬೈದು, ಕೊನೆಗೆ ಮಣ್ಣಿಗೆ ಕಳಿಸಿದ ಮೇಲೆ, ಮೊಟ್ಟಮೊದಲ ಸಲ ಅವರ ಹೆಸರು ಅತ್ತೆಯ ಬಾಯಿಂದ ಬಂತು.

ಮೀರಿಮ್‌ಳ ಕಿವಿ ಒಡೆಯಿತು. ಕೀವು, ರಕ್ತ ನನ್ನ ತೊಡೆಯ ಮೇಲೆ ಹರಿಯಿತು. ಮಗು ದೀರ್ಘವಾಗಿ ಉಸಿರು ಬಿಟ್ಟು ನಿದ್ದೆಹೋಯಿತು. ಹಣೆ ಮುಟ್ಟಿ ನೋಡಿದರೆ ಬೆವರುತ್ತಿತ್ತು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು.

“ಬಾಯಿಗೆ ಎಷ್ಟು ಚೆನ್ನಾಗಿದೆ ಕಣೇ ಆ ಹೆಸರು,” ಎಂದರು ಅತ್ತೆ. “ಅವ್ರು ಇದ್ದಾಗ್ಲೇ ಒಂದ್ಸಲ ಕರೀಬೇಕಿತ್ತು.”

ಆಮೇಲೆ ಬಾಗಿಲ ಕಡೆ ತಿರುಗಿದರು. ಅಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

“ಬಂದೆ, ಬಂದೆ! ಏನು ಅವಸರ ನಿಮ್ದು? ಬೂಟು ಹಾಕ್ಕೊಳಕ್ಕಾದ್ರೂ ಬಿಡ್ತೀರೋ ಇಲ್ವೋ?”

ಮಗುವನ್ನು ಹಾಸಿಗೆಗೆ ಹಾಕಿ ನಾನು ಓಡಿಬರುವಷ್ಟರಲ್ಲಿ ಅತ್ತೆ ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ಒಂದೇ ಕಾಲಿಗೆ ಬೂಟು ಹಾಕಿಕೊಂಡಿದ್ದರು. ಉಸಿರು ಇರಲಿಲ್ಲ.

ಹಿಮ ಕರಗಿದ ಮೇಲೆ ಮೀರಿಮ್‌ಳನ್ನು ನಾರಿನ್‌ಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕಿವಿಗೆ ಲೈಟು ಬಿಟ್ಟು ನೋಡಿದರು. ಕೊಬ್ಬು, ಗಡ್ಡೆ ಎಂದು ಕಾಲ ಕಳೆದದ್ದಕ್ಕೆ ಸರಿಯಾಗಿ ಬೈದರು. ಬೈಯಲಿ, ಅದರಲ್ಲಿ ತಪ್ಪೇನಿಲ್ಲ.

“ಕಿವಿಯ ತಮಟೆ ಹರಿದುಹೋಗಿದೆ. ಅದಕ್ಕೇ ಈ ಕಿವಿ ಕೇಳಿಸ್ತಿಲ್ಲ. ಒಂದು ಆಪರೇಷನ್ ಮಾಡಿದ್ರೆ ಚೆನ್ನಾಗಿ ಕೇಳಿಸುತ್ತೆ. ಬೇಸಿಗೇಲೇ ಮಾಡಿಬಿಡೋಣ.”

“ಬೇಡ ಡಾಕ್ಟ್ರೇ.”

“ಹುಚ್ಚೇನಮ್ಮಾ ನಿಮ್ಗೆ? ಹೆತ್ತ ತಾಯಿ ಆಡೋ ಮಾತಾ ಇದು?”

ಅವರಿಗೆ ಏನೆಂದು ಹೇಳಲಿ? ಅತ್ತೆಯ ವರ್ಷದ ಊಟ ಇನ್ನೂ ಬಹಳ ದೂರವಿದೆ. ಸೊಸೆಯಾದವಳು ಅತ್ತೆಯ ಹೆಸರನ್ನೂ ಹೇಳುವ ಹಾಗಿಲ್ಲ. ಆ ಕಿವಿ ತೆರೆದು, ಅಜ್ಜಿ ಒಳಗಿಂದ ‘ಕರೀರಿ’ ಎಂದರೆ, ಗಂಡ ಕುದುರೆಗಳ ಜೊತೆ ದೂರವಿರುವ ಈ ಮನೆಯಲ್ಲಿ ಕರೆಯಬೇಕಾದವಳು ಈಗ ನಾನೊಬ್ಬಳೇ.