ವರ್ನಾಳ ಎಡವಟ್ಟು ನಕ್ಷೆ

ವರ್ನಾ ಟಾಲೆಫ್ಸನ್‌ಗೆ ಐವತ್ತೇಳು ತುಂಬಿದ್ದರೂ ಎಡ ಯಾವುದು, ಬಲ ಯಾವುದು ಎಂಬುದಿನ್ನೂ ಬಗೆಹರಿದಿರಲಿಲ್ಲ. ಹುಟ್ಟಿನಿಂದ ಎಡಗೈಯವಳು. ಒಂದನೇ ಕ್ಲಾಸಿನ ಟೀಚರಮ್ಮ ಗೆಣ್ಣಿನ ಮೇಲೆ ಮರದ ಸ್ಕೇಲಿನಿಂದ ಬಾರಿಸಿ ಬಾರಿಸಿ ಪೆನ್ಸಿಲನ್ನು ಬಲಗೈಗೆ ದಾಟಿಸಿದ್ದಳು. ಕೈಯೇನೋ ದಾಟಿತು, ತಲೆ ದಾಟಲಿಲ್ಲ. ಅವಳನ್ನು ದಾರಿ ಕೇಳಿದವರು ಇನ್ನೂ ಕೆರೆ ಸುತ್ತುತ್ತಿದ್ದಾರೆ ಎಂದು ಊರಲ್ಲೊಂದು ತಮಾಷೆಯಿತ್ತು. ಎಡವಟ್ಟು ವರ್ನಾ ಎಂದೇ ಕರೆಯುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು ಹೇಳಿ?

ಅಂಥವಳನ್ನು ನಕ್ಷೆ ಬರೆಯಲು ಕೂರಿಸಿದ ಪುಣ್ಯಾತ್ಮ ಅವಳ ಅಕ್ಕನ ಮಗ ಡ್ವೇನ್. "ಸುಮ್ನೆ ಗೆರೆ ಎಳೆದ್ರೆ ಸಾಕು ಬಾ ಆಂಟಿ, ನಮಗೊಬ್ರು ಬೇಕು" ಎಂದು ಎಳೆದುಕೊಂಡು ಹೋಗಿದ್ದ.

ಅದು ಮಿನೆಸೋಟದ ಸಣ್ಣ ಊರು, ೧೯೭೯ನೇ ಇಸವಿ. ಭಾನುವಾರ ಚರ್ಚು ಮುಗಿದ ಮೇಲೆ ಲೋವೆಲ್ ಹಾಗೆನ್ ಅವರ ಮನೆಯ ಊಟದ ಮೇಜಿನಲ್ಲಿ ಆಟ. ಲೋವೆಲ್ ಭೂಮಾಪನ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದವರು. ಈಗ ರಟ್ಟಿನ ಮರೆಯ ಹಿಂದೆ ಕೂತು ಎಲ್ಲೂ ಇಲ್ಲದ ಲೋಕವನ್ನು ಬಾಯಲ್ಲಿ ಹೇಳುತ್ತಾ ಹೋಗುವರು. ಈಚೆ ಕೂತವರು ತಮ್ಮ ತಮ್ಮ ಪಾತ್ರವಾಗಿ "ನಾನು ಬಾಗಿಲು ಒಡೀತೀನಿ" ಎನ್ನುವರು. ಒಡೆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುವುದು. ಹನ್ನೊಂದು ತಿಂಗಳಿಂದ ಅವರೆಲ್ಲ ಒಂದು ಬೆಟ್ಟದಡಿಯ ಸುರಂಗಗಳಲ್ಲಿ ಅಲೆಯುತ್ತಿದ್ದರು. ಲೋವೆಲ್ ಹೇಳಿದ ದಾರಿಯನ್ನು ಕಿವಿಯಲ್ಲಿ ಕೇಳಿ ಚೌಕುಳಿ ಹಾಳೆಗಿಳಿಸುವುದು ವರ್ನಾಳ ಕೆಲಸ. ಆಟ ಆಡಿಸುವ ಲೋವೆಲ್ ಆ ಹಾಳೆಯನ್ನು ಇಣುಕಿ ನೋಡಬಾರದು, ಅದು ರಿವಾಜು.

"ವಾಪಸ್ ಯಾವ ಕಡೆ ಆಂಟಿ?" ಎಂದು ಡ್ವೇನ್ ಕೇಳಿದಾಗ ಅವಳು ಹೇಳಿದ ದಾರಿ ಒಮ್ಮೆಯೂ ತಪ್ಪಿರಲಿಲ್ಲ. "ನೀನಿಲ್ದಿದ್ರೆ ನಾವು ಎಂದೋ ಮಣ್ಣಾಗಿ ಹೋಗ್ತಿದ್ವಿ ಕಣೇ" ಎಂದು ಪೋಸ್ಟ್ ಆಫೀಸಿನ ಮಾರ್ಲಿಸ್ ಒಮ್ಮೆ ಹೇಳಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಾಗೆಲ್ಲ ವರ್ನಾ ಆ ಮಾತನ್ನು ನೆನೆದು ಚಪ್ಪರಿಸುತ್ತಿದ್ದಳು. ಇಡೀ ಊರಲ್ಲಿ ಆ ಮೇಜಿನ ಮುಂದೆ ಮಾತ್ರ ಅವಳು ಎಡವಟ್ಟಾಗಿರಲಿಲ್ಲ.

ಲೋವೆಲ್ ಮಾತ್ರ ಕ್ರಿಸ್‌ಮಸ್‌ನಿಂದ ಕಂಗೆಟ್ಟಿದ್ದರು. ಈ ಲೋಕಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಲೋಕ ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದರು. ಹಸಿರು ಸೂರ್ಯನ ಲೋಕ ಕಟ್ಟಿದರು, ಮೀನುಗಳು ರಾಜ್ಯವಾಳುವ ಲೋಕ ಕಟ್ಟಿದರು, ಎಲ್ಲವನ್ನೂ ಹರಿದು ಒಲೆಗೆ ಹಾಕಿದರು. "ಬರೀ ಬಣ್ಣ ಬಳಿದ ಹಾಗಿದೆ. ಪಕ್ಕದ ಲೋಕ ಅಂದ್ರೆ ಎದೆ ಝಲ್ಲೆನ್ನಬೇಕು" ಎಂದು ಗೊಣಗುತ್ತಿದ್ದರು.

ಮಾರ್ಚಿ ತಿಂಗಳ ಆ ಭಾನುವಾರ ಡ್ವೇನ್‌ನ ದಾಳ ಹತ್ತೊಂಬತ್ತು ತೋರಿಸಿ, ನಿಧಿ ಕಾಯುವ ರಾಕ್ಷಸ ಸತ್ತ. ಲೋವೆಲ್ ಮರೆಯ ಮೇಲಿಂದ ಒಂದು ಹಾಳೆ ದಾಟಿಸಿದರು. ಹಳೆಯದಾಗಿ ಕಾಣಲೆಂದು ಚಹಾದಲ್ಲಿ ಅದ್ದಿ ಒಣಗಿಸಿದ್ದರು. "ಬೆಟ್ಟ ಕೊರೆಸಿದ ರಾಜನ ನಕ್ಷೆ ಇದು. ನೀವು ಅಲೆದ ಸುರಂಗ ಎಲ್ಲಾ ಇದರಲ್ಲಿದೆ."

ಡ್ವೇನ್ ವರ್ನಾಳ ಹಾಳೆಯನ್ನು ಕಿತ್ತುಕೊಂಡು ಪಕ್ಕದಲ್ಲಿಟ್ಟ. ಒಮ್ಮೆ ಇದನ್ನು ನೋಡಿದ, ಒಮ್ಮೆ ಅದನ್ನು ನೋಡಿದ.

"ಅಯ್ಯೋ ಆಂಟಿ, ಇಡೀದು ಉಲ್ಟಾ! ಕನ್ನಡಿಯಲ್ಲಿ ನೋಡಿದ ಹಾಗಿದೆ! ಹನ್ನೊಂದು ತಿಂಗಳು!"

"ಉಲ್ಟಾ ಆಗಿದ್ರೆ ದಾರಿ ಹೆಂಗೋ ಸಿಕ್ತು?" ಎಂದಳು ಮಾರ್ಲಿಸ್.

"ಎಡ ಅಂದ್ರೆ ಬಲಕ್ಕೆ ಬರೆದಿದಾಳೆ. ಓದೋವಾಗ ಬಲನ ಎಡ ಅಂತ ಓದಿದಾಳೆ. ಎರಡು ಎಡವಟ್ಟು ಸೇರಿ ಒಂದು ಸರಿ!" ಡ್ವೇನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆ ಪದ ಈ ಮನೆಯೊಳಗೂ ಬಂದುಬಿಟ್ಟಿತಲ್ಲ! ನೆಲ ಬಾಯಿ ಬಿಡಬಾರದೇ ಎನಿಸಿತು ವರ್ನಾಳಿಗೆ. ಎಡಗೈ ಗೆಣ್ಣು ಐವತ್ತು ವರ್ಷದ ಹಿಂದಿನ ಹಾಗೇ ಚುರುಗುಟ್ಟಿತು. ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟಳು.

"ಮುಂದಿನ ವಾರದಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾನು ತಿಂಡಿ ತಂದ ಪಾತ್ರೆ ಡ್ವೇನ್ ಕೈಲಿ ಕಳಿಸಿ" ಎಂದು ಬೂಟು ಹುಡುಕಲು ಎದ್ದಳು.

"ಒಂದ್ನಿಮಿಷ ನಿಂತ್ಕೊಳ್ಳಿ ವರ್ನಾ." ಲೋವೆಲ್‌ರ ದನಿ ಬೇರೆಯಾಗಿತ್ತು.

ಅವರು ಎರಡೂ ಹಾಳೆ ಎತ್ತಿಕೊಂಡು ಕಿಟಕಿಗೆ ಹೋದರು. ಹೊರಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಕೋರೈಸುತ್ತಿತ್ತು. ತಮ್ಮ ನಕ್ಷೆಯನ್ನು ಗಾಜಿಗೊತ್ತಿದರು. ಅದರ ಮೇಲೆ ವರ್ನಾಳದನ್ನು ಬೆನ್ನು ಮುಂದಾಗಿಸಿ ಇಟ್ಟರು. ಮೂವತ್ತು ವರ್ಷದ ಅಭ್ಯಾಸದ ಬೆರಳುಗಳು ಅಂಚಿಗೆ ಅಂಚು ಕೂಡಿಸಿದವು. ಆಮೇಲೆ ಅವರು ಅಲುಗಾಡಲಿಲ್ಲ.

ಮೂವರೂ ಹತ್ತಿರ ಬಂದರು. ಬೆಳಕಿನಲ್ಲಿ ಎರಡು ನಕ್ಷೆ ಒಂದಾಗಿತ್ತು. ಗೆರೆಯ ಮೇಲೆ ಗೆರೆ, ಬಾವಿಯ ಮೇಲೆ ಬಾವಿ, ಮೆಟ್ಟಿಲ ಮೇಲೆ ಮೆಟ್ಟಿಲು. ಕಿವಿಯಲ್ಲಿ ಕೇಳಿ ಬರೆದದ್ದು, ಒಂದು ಚೌಕವೂ ಆಚೀಚೆ ಇರಲಿಲ್ಲ.

"ಮೂರು ತಿಂಗಳಿಂದ ನಾನು ಹುಡುಕ್ತಾ ಇದ್ದದ್ದು ಹಾಳೆ ಹಿಂದೇನೇ ಇತ್ತು" ಎಂದರು ಲೋವೆಲ್, ಪಿಸುಮಾತಿನಲ್ಲಿ. "ನಾವು ಅಲೆದದ್ದು ಒಂದು ಬೆಟ್ಟ ಅಲ್ಲ, ಎರಡು. ನಾವು ಎಡಕ್ಕೆ ಹೆಜ್ಜೆ ಇಟ್ಟಾಗೆಲ್ಲ ಅಲ್ಲಿ ಇನ್ಯಾರೋ ಬಲಕ್ಕಿಟ್ಟಿದಾರೆ."

ಡ್ವೇನ್ ತೋಳು ಉಜ್ಜಿಕೊಂಡ. ರೋಮವೆಲ್ಲ ನಿಂತಿತ್ತು. "ಹಾಗಾದ್ರೆ ಈಗ ಅವರೂ ಕಿಟಕಿ ಹತ್ರ ನಿಂತಿದಾರಾ?"

ಯಾರೂ ನಗಲಿಲ್ಲ. ವರ್ನಾ ಗಾಜಿನಾಚೆ ನೋಡಲು ಹೆದರಿದಳು.

ಲೋವೆಲ್ ಒಂದು ಕಡೆ ಬೆರಳಿಟ್ಟರು. ವರ್ನಾಳ ಹಾಳೆಯಲ್ಲಿ ಅಲ್ಲೊಂದು ಕಂದು ಉಂಗುರ. ರಾಜನ ನಕ್ಷೆಯಲ್ಲಿ ಏನೂ ಇಲ್ಲ. "ಇದೇನು?"

"ಕಾಫಿ ಲೋಟದ ಕಲೆ. ಒರೆಸಿದೆ, ಹೋಗ್ಲಿಲ್ಲ."

"ನನ್ನ ಲೋಕದಲ್ಲಿ ಇಲ್ಲದ್ದು ನಿಮ್ಮದರಲ್ಲಿದೆ. ಏನದು ಅಂತ ನೀವೇ ಹೇಳ್ಬೇಕು." ಅವರು ಮರೆಯ ಹಿಂದಿನ ತಮ್ಮ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟರು.

"ನಂಗೆ ಎಡ ಬಲಾನೇ ಗೊತ್ತಾಗಲ್ಲವಲ್ರೀ ಲೋವೆಲ್."

"ಅಲ್ಲಿನ ಎಡ ಬಲ ಗೊತ್ತಿರೋದು ನಿಮಗೊಬ್ಬರಿಗೇ."

ಹನ್ನೊಂದು ತಿಂಗಳು ಅವಳು ಕೂತಿದ್ದ ಕುರ್ಚಿಯಲ್ಲಿ ಲೋವೆಲ್ ಕೂತು ಪೆನ್ಸಿಲ್ ಎತ್ತಿಕೊಂಡರು. ಮಾರ್ಲಿಸ್, ಡ್ವೇನ್ ತಾವೂ ಒಂದೊಂದು ಹಾಳೆ ಎಳೆದುಕೊಂಡರು. ವರ್ನಾ ಕಂದು ಉಂಗುರವನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅದಕ್ಕೆ ಗೋಡೆ ಎದ್ದಿತು, ಒಳಗೆ ದೀಪ ಹತ್ತಿತು. ಇಷ್ಟು ದಿನ ಇದು ಇಲ್ಲೇ ಇತ್ತಲ್ಲ ದೇವರೇ, ನನ್ನ ಕೈಕೆಳಗೇ!

"ದುಂಡನೆ ಕೋಣೆ" ಎಂದಳು. "ಗೋಡೆ ಸುತ್ತ ಬೆಂಚು. ಮಕ್ಕಳು ಬರೀತಾ ಕೂತಿದಾರೆ, ಎಲ್ಲರೂ ಎಡಗೈಯಲ್ಲಿ. ಯಾರೂ ಯಾರಿಗೂ ಹೊಡೀತಿಲ್ಲ. ಒಬ್ಬಳು ಹುಡುಗಿ ತಲೆ ಎತ್ತಿ ನಿಮ್ಮನ್ನ ನೋಡ್ತಾಳೆ. ಅವಳ ಹಿಂದೆ ಬಾಗಿಲಿದೆ. ಆಚೆ ದಾರಿ ಎಡಕ್ಕೆ ಹೋಗುತ್ತೆ."

ಮೂರು ಪೆನ್ಸಿಲುಗಳೂ ಹಾಳೆಯ ಮೇಲೆ ತಡೆದು ನಿಂತವು.

"ಯಾರ ಎಡ, ಆಂಟಿ?" ಎಂದು ಕೇಳಿದ ಡ್ವೇನ್. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ನನ್ನ ಎಡ" ಎಂದಳು ವರ್ನಾ.

ಮೂವರೂ ಬಲಕ್ಕೆ ಗೆರೆ ಎಳೆದರು.