ಗಾಡಿ ಹೇಳಿದ ಅರವತ್ತೆರಡು

ಮುಧೋಳ ಬಂದದ್ದೇ ತಡ, ಬಾಳೇಶ ಯಾರನ್ನೂ ಕೇಳದೆ ಕಾರನ್ನು ಚಾರ್ಜಿಂಗ್ ಪಾಯಿಂಟಿನತ್ತ ತಿರುಗಿಸಿದ. ಪಕ್ಕದಲ್ಲಿ ಕೂತಿದ್ದ ಕಾರಿನ ಮಾಲೀಕ ಗಿರಮಲ್ಲಪ್ಪ ಮಾಸ್ತರರಿಗೆ ಪಿತ್ತ ನೆತ್ತಿಗೇರಿತು.

“ಯಾಕಲೇ ನಿಲ್ಲಿಸಿದಿ? ಅರವತ್ತೆರಡು ಕಿಲೋಮೀಟರ್ ಓಡತೇನಿ ಅಂತ ಗಾಡಿನ ಹೇಳಾಕತ್ತೈತಿ. ತುಬಚಿ ನಲವತ್ತೈದರ ಮ್ಯಾಲಿಲ್ಲ.”

“ಸುಳ್ಳ ಹೇಳಾಕತ್ತೈತ್ರಿ. ಲೋಕಾಪುರದಿಂದ ಇಲ್ಲಿತನಾ ಕಬ್ಬಿನ ಟ್ರ್ಯಾಕ್ಟರ್ ಹಿಂದ ತೆವಳಕೊಂತ ಬಂದೇವಿ. ಮುಂದನೂ ಹಿಂಗ ತೆವಳತಾರ ಅಂತ ತಿಳದೈತಿ ಅದು. ಖಾಲಿ ರಸ್ತಾದಾಗ ಎಸಿ ಹಾಕಿ ಹೊಡದ್ರ ಮೂವತ್ತೈದ ಓಡಿದ್ರ ದೊಡ್ಡದು. ಅರ್ಧಾ ತಾಸ ಚಾರ್ಜಿಗೆ ಹಚ್ಚೂಣ್ರಿ.”

“ಎಂಟನೇತ್ತ ಅರ್ಧಕ್ಕ ಬಿಟ್ಟಾಂವ ಕಂಪ್ಯೂಟರಿಗೆ ಲೆಕ್ಕಾ ಕಲಸ್ತಿಯೇನಲೇ?”

ಹೋದ ತಿಂಗಳು ಬೀಳಗಿ ದಾರಿಯಲ್ಲಿ ಬಾಳೇಶ ಓಡಿಸುತ್ತಿದ್ದಾಗ ಇದೇ ಕಾರು, ಇನ್ನೂ ಹತ್ತೊಂಬತ್ತು ಕಿಲೋಮೀಟರ್ ಉಳಿದಿದೆ ಎಂದು ತೋರಿಸುತ್ತಲೇ ನಿಂತುಬಿಟ್ಟಿತ್ತು. ಮಾಸ್ತರರು ತುಬಚಿಯ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ, ಅವನ ಅಪ್ಪ ಗುರಪ್ಪನ ಎದುರಿಗೇ, “ನಿನ್ನ ಮಗಗ ಗಾಡಿ ಹೊಡ್ಯಾಕ ಬರೂದಿಲ್ಲ” ಎಂದು ಗಟ್ಟಿಯಾಗಿ ಸಾರಿದ್ದರು. ಅಂದಿನಿಂದ ಊರಲ್ಲಿ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ; ಇವತ್ತು ದೂರದ ದಾರಿಗೆ ಬೇರೆ ಡ್ರೈವರ್ ಸಿಗದೆ ಮಾಸ್ತರರೇ ಅವನನ್ನು ಕರೆದಿದ್ದರು.

ಹಿಂದಿನ ಸೀಟಿನಿಂದ ಮಾಸ್ತರರ ಹೆಂಡತಿ ಪದ್ಮವ್ವ, “ಐದಕ್ಕ ಊರಾಗ ನನ್ನ ತಮ್ಮನ ಮಗಳ ನಿಶ್ಚಯ ಐತ್ರಿ. ಹುಡುಗ ಹೇಳೂದನ್ನ ಕೇಳ್ರಿ” ಎಂದರು.

“ಹೊಡಿತಿದ್ರ ಹೊಡಿ. ಇಲ್ಲಾಂದ್ರ ಕೀಲಿ ಇಡು” ಎಂದು ಮಾಸ್ತರರು ಬಾಳೇಶನಿಗೆ ಅಂದರು.

ಬಾಳೇಶ ಇಳಿದು ಕೀಲಿಯನ್ನು ಬಾನೆಟ್ ಮೇಲೆ ಟಣ್ ಅಂತ ಇಟ್ಟ.

“ತಗೋರಿ. ನಿಂತ್ರ ಮಾತ್ರ ನನ್ನ ಹೆಸರ ತಗೀಬ್ಯಾಡ್ರಿ.”

ಮಾಸ್ತರರೇ ಸ್ಟೇರಿಂಗ್ ಹಿಡಿದರು; ಕಾರು ಧೂಳೆಬ್ಬಿಸಿ ಹೋಯಿತು. ಅವನು ಸ್ಟ್ಯಾಂಡಿಗೆ ನಡೆದು ಬಸ್ಸು ಹಿಡಿದ. ಜಮಖಂಡಿಯಲ್ಲಿ ತುಬಚಿಯ ಬಸ್ಸಿಗೆ ಬದಲಾಯಿಸಿದ. ಅದರ ತುಂಬಾ ಅವನ ಊರವರೇ.

ಜಮಖಂಡಿ ದಾಟಿ ಸ್ವಲ್ಪ ದೂರದಲ್ಲಿ ಕಬ್ಬಿನ ಹೊಲದ ಬದಿಗೆ ಕಾರು ನಿಂತಿತ್ತು. ಪದ್ಮವ್ವ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು, ಸೀರೆ ಕುಪ್ಪಸದ ಬುಟ್ಟಿ ಹೊತ್ತು ಹತ್ತಿದರು. “ಬಾಳೇಶಾ, ನೀ ಅಂದಂಗ ಆತು ನೋಡಪ್ಪಾ.”

ಮಾಸ್ತರರು ಕೆಳಗೆ ನಿಂತು ಕಿಟಕಿಗೆ ಕೀಲಿ ಚಾಚಿದರು. “ಇಳಿ ಬಾರಲೇ. ಏನರ ಮಾಡು.”

ಬಾಳೇಶ ಕದಲಲಿಲ್ಲ. “ಬೀಳಗ್ಯಾಗ ತಪ್ಪ ಯಾರದಿತ್ರಿ?”

“ಆತು ಬಿಡೋ… ಗಾಡೀದು.”

“ಕೇಳಸ್ಲಿಲ್ರಿ. ಅವತ್ತ ಕಟ್ಟಿ ಮ್ಯಾಲ ಗಟ್ಟ್ಯಾಗಿ ಹೇಳಿದ್ರಿ. ಇವತ್ತೂ ಹಂಗ ಹೇಳ್ರಿ.”

ಬಸ್ಸೆಲ್ಲ ಕಿವಿಯಾಯಿತು. ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟುಕೊಂಡವನು ಊದದೆ ಕಾದ. “ಹೇಳಿ ಮುಗಸ್ರಿ ಮಾರಾಯ್ರ, ಹೊತ್ತಾಗತೈತಿ” ಎಂದರು ಪದ್ಮವ್ವ.

ಮಾಸ್ತರರು ಬಸ್ಸಿನ ಕಿಟಕಿಗಳತ್ತ ತಲೆಯೆತ್ತಿ ಕೂಗಿದರು. “ತಪ್ಪ ಗಾಡೀದು! ಅದನ್ನ ನಂಬಿದ್ದು ನಂದು! ಇವಂದಲ್ಲ!”

ಆಗ ಇಳಿದ ಬಾಳೇಶ. ಕೀಲಿ ತೆಗೆದುಕೊಂಡು, ಎದುರಿನ ತೋಟದ ಮನೆಯತ್ತ ಕೈ ಮಾಡಿದ. “ಅಲ್ಲಿ ಪ್ಲಗ್ ಐತಿ, ಡಿಕ್ಕ್ಯಾಗ ವಾಯರ್ ಐತಿ. ನಾ ಸ್ಟೇರಿಂಗ್ ಹಿಡಿತೇನಿ, ನೀವು ದೂಡ್ರಿ.”

ಬಸ್ಸು ಹೋಯಿತು. ಹತ್ತು ಹೆಜ್ಜೆಗೇ ಮಾಸ್ತರರು ಏದುಸಿರುಬಿಟ್ಟರು.

“ಇನ್ನ ಎಷ್ಟ ದೂರಲೇ?”

“ಇನ್ನೂರ ಹೆಜ್ಜಿ. ಇದು ಗಾಡಿ ಹೇಳಿದ್ದಲ್ರಿ, ನಾ ಹೇಳಾಕತ್ತೇನಿ. ದೂಡ್ರಿ.”