ಗಿರಾಕಿ ಕಡೆಯ ಪರದೆ

ಗಾಜಿನ ಆಚೆ ನೆರಳು ಕಂಡದ್ದೇ ತಡ, ರೇವಣ ಆಟವನ್ನು ಕೆಳಗಿಳಿಸಿ ಕೀಬೋರ್ಡಿನ ಮೇಲೆ ಎರಡು ಗುಂಡಿ ಒತ್ತಿದ. ಬಂದೂಕು, ಹೊಗೆ, ಓಡುವ ಸೈನಿಕರೆಲ್ಲ ಮಾಯವಾಗಿ ಅವನೆದುರು ಅರ್ಧ ಮುಗಿದ ಹುಟ್ಟುಹಬ್ಬದ ಬ್ಯಾನರ್ ಬಂದು ನಿಂತಿತು. ಬಾಗಿಲಿನ ಕಡೆ ಮುಖ ಮಾಡಿದ್ದ ಇನ್ನೊಂದು ಪರದೆಯೂ ಬೆಳಗಿ ಅದೇ ಬ್ಯಾನರನ್ನು ತೋರಿಸಿತು.

ಕಲಬುರಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಆ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಒಂದೇ, ಪರದೆ ಎರಡು. ಹೆಸರು, ತಾರೀಖು ಸರಿಯಿದೆಯೇ ಎಂದು ಗಿರಾಕಿ ಬೆಂಚಿನ ಮೇಲೆ ಕೂತೇ ನೋಡಲಿ ಎಂದು ಎರಡನೆಯದು. ಕೆಲಸಕ್ಕೆ ಡುಪ್ಲಿಕೇಟ್, ಅಂದರೆ ಇಲ್ಲಿದ್ದದ್ದೇ ಅಲ್ಲಿ. ಆಟಕ್ಕೆ ತನ್ನದೊಂದೇ. ಆ ಹಳೇ ಪರದೆ ಜೊತೆಗಿದ್ದರೆ ಆಟ ಎತ್ತಿನ ಗಾಡಿಯ ಹಾಗೆ ಎಳೆಯುತ್ತಿತ್ತು. ಮೇಲಾಗಿ ನಡುಮಧ್ಯಾಹ್ನ ತಾನು ಬಂದೂಕು ಹಿಡಿದು ಕೂತದ್ದನ್ನು ಊರಿಗೆಲ್ಲ ತೋರಿಸುವ ಹುಕಿ ಯಾರಿಗಿರುತ್ತದೆ? ಇನ್ನೊಂದು ಕೆಲಸ ಮಾಡುವಾಗಲೂ ಅವನು ಗಿರಾಕಿ ಕಡೆಯ ಪರದೆಯನ್ನು ತಪ್ಪದೆ ಆರಿಸುತ್ತಿದ್ದ. ಅದು ಸತ್ತವರ ಕಣ್ಣು ತೆರೆಸುವ ಕೆಲಸ.

ಬದುಕಿದ್ದಾಗ ನೆಟ್ಟಗೆ ಒಂದು ಫೋಟೋ ತೆಗೆಸಿಕೊಳ್ಳದವರು ಎಷ್ಟೋ ಜನ. ಹೋದ ಮೇಲೆ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ ಹಾರ ಹಾಕಿದಾಗ ಮನೆಯವರು ಮೊಬೈಲಿನಲ್ಲಿ ಹಿಡಿದ ಫೋಟೋವೇ ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಗತಿ. ರೇವಣ ಬೇರೆ ಯಾರದೋ ಫೋಟೋದಿಂದ ಕಣ್ಣು ಕತ್ತರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಕೂರಿಸಿ ಬಣ್ಣ ಹೊಂದಿಸುತ್ತಿದ್ದ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೆಣ ಎದ್ದು ನಗಬೇಕು, ಅಂಥ ಕೈ.

ಬಂದವನು ಕಮಲಾಪುರದ ಮುದಿ ರೈತ ಸಾಯಬಣ್ಣ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಇಕಿ ನಮ್ಮಕಿ, ನೀಲಗಂಗಮ್ಮ. ಇಲ್ಲಿ ಕಣ್ಣ ತೆರಸಿ ಕೊಡ್ತಾರಂತ ಹೇಳಿದ್ರು."

"ಆಧಾರ ಕಾರ್ಡಿನ ಫೋಟೋ ಇಲ್ಲೇನ್ರಿ ಕಾಕಾ?"

"ಅದನ್ನ ನೋಡಿ ಅಕೀನೇ ಅಂಜತಿದ್ದಳು ತಮ್ಮಾ."

ಹೆಸರು, ತಾರೀಖು ಹಾಕಿಯಾಯಿತು. ಸಾಯಬಣ್ಣ ತನ್ನ ಕಡೆಯ ಪರದೆಯಲ್ಲಿ ಅಕ್ಷರ ಕೂಡಿಸಿ ಓದಿ ತಲೆಯಾಡಿಸಿದ. ಅಷ್ಟರಲ್ಲಿ ಕೊರಳಿಗೆ ಜೋತುಬಿದ್ದ ಹೆಡ್‌ಫೋನಿನೊಳಗಿಂದ ಆಟದ ಗೆಳೆಯ ಮಂಜೂರನ ದನಿ ಬಂತು. "ಎಲ್ಲಿ ಹೋದ್ಯೋ ರೇವಣ? ಒಬ್ಬನೇ ಸಾಯ್ಲಾಕತ್ತೀನಿ ಇಲ್ಲಿ."

ಆತುರಗಾರನಿಗೆ ಬುದ್ಧಿ ಮಟ್ಟ. ಹೊಂದುವ ಕಣ್ಣು ಹುಡುಕುವಷ್ಟು ವ್ಯವಧಾನ ರೇವಣನಿಗಿರಲಿಲ್ಲ. ಹೆಂಡತಿ ಭಾಗ್ಯಜ್ಯೋತಿಯ ಬಸ್ ಪಾಸಿಗೆಂದು ಬೆಳಿಗ್ಗೆ ತೆರೆದ ಫೋಟೋ ಹಾಗೇ ಇತ್ತು. ಅದರ ಕಣ್ಣನ್ನೇ ಎತ್ತಿ, ಸತ್ತವಳ ರೆಪ್ಪೆಯ ಮೇಲಿಟ್ಟ. ಅಚ್ಚುಕಟ್ಟಾಗಿ ಕೂತುಬಿಟ್ಟಿತು. ಗಿರಾಕಿ ಕಡೆಯ ಪರದೆ ಆರಿಸಲು ಮರೆತಿದ್ದೇನೆಂದು ಅವನಿಗೆ ಹೊಳೆದದ್ದು, ಗಾಜಿನ ಆಚೆ ಸಾಯಬಣ್ಣ ಎದ್ದು ನಿಂತಾಗ.

"ಕಣ್ಣ ತಗದಾಳ," ಎಂದ ಸಾಯಬಣ್ಣ ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ.

ರೇವಣ ಕುರ್ಚಿಯಿಂದ ಅರ್ಧ ಎದ್ದ. "ಇನ್ನಾ ಮುಗದಿಲ್ರಿ ಕಾಕಾ. ಇವನ್ನ ತಗದು ಬ್ಯಾರೆ ಹಾಕ್ತೀನಿ."

"ಬ್ಯಾಡ ತಮ್ಮಾ. ಮತ್ತ ಮುಚ್ಚಿಸಬ್ಯಾಡ. ಲಗ್ನಾಗಿ ನಮ್ಮ ಮನಿಗಿ ಬಂದಾಗ ಅಕಿವು ಇವೇ ಕಣ್ಣ ಇದ್ದವು."

ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು, ಕಣ್ಣು ಮಾಯ. ಆದರೆ ಆ ಮನುಷ್ಯನ ಎದುರಿಗೇ ನೀಲಗಂಗಮ್ಮ ಇನ್ನೊಮ್ಮೆ ಕಣ್ಣು ಮುಚ್ಚುತ್ತಿದ್ದಳು. ಕೈ ಬರಲಿಲ್ಲ. ಫ್ಲೆಕ್ಸ್ ಮಷಿನ್ನಿನಿಂದ ಹಾಗೇ ಇಳಿಯಿತು.

ಅದನ್ನು ಕಮಲಾಪುರದ ಬಸ್ ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿದರು. ಎದುರಿನ ಮೆಡಿಕಲ್ ಅಂಗಡಿಯಲ್ಲೇ ಭಾಗ್ಯಜ್ಯೋತಿಗೆ ಕೆಲಸ. ದಿನವೂ ಕಲಬುರಗಿಯಿಂದ ಹೋಗಿ ಅದರ ಬುಡದಲ್ಲೇ ಬಸ್ಸಿಳಿಯುತ್ತಿದ್ದಳು. ರೇವಣ ಅವಳಿಗೆ ಏನೂ ಹೇಳಲಿಲ್ಲ. ಆಟಕ್ಕೆ ಕೂತಾಗ ಮಾತ್ರ ನಡುನಡುವೆ ಎದ್ದು ಸುತ್ತಿ ಬಂದು, ಗಿರಾಕಿ ಕಡೆಯ ಪರದೆ ನಿಜಕ್ಕೂ ಆರಿದೆಯೇ ಎಂದು ನೋಡುತ್ತಿದ್ದ. ಆರಿಯೇ ಇರುತ್ತಿತ್ತು. ಆದರೂ ಬೆಂಚಿನ ಮೇಲೆ ಕಾಯುವವರು ಒಮ್ಮೊಮ್ಮೆ ಅದನ್ನೇ ನೋಡುತ್ತ ಕೂತಿರುತ್ತಿದ್ದರು. ಮಂಜೂರ್ ಬೈದು ಬೈದು ಬೇರೆ ಜೊತೆಗಾರನನ್ನು ಹುಡುಕಿಕೊಂಡ.

"ರೀ, ಒಬ್ಬ ಮುದುಕ ದಿನಾ ಬರ್ತಾನ," ಎಂದಳು ಭಾಗ್ಯಜ್ಯೋತಿ ಒಂದು ಸಂಜೆ, ರೊಟ್ಟಿ ಬಡಿಸುತ್ತ. "ಗುಳಿಗಿ ಕೇಳಂಗಿಲ್ಲ. ಬೆಂಚಿನ ಮ್ಯಾಲ ಕುಂತು ನನ್ನೇ ನೋಡ್ತಾನ."

"ಮಾಲಕರಿಗಿ ಹೇಳಬೇಕಿಲ್ಲ?"

"ಕೆಟ್ಟ ನೋಟ ಅಲ್ರಿ ಅದು. ಹಂಗಿದ್ರ ನಾನೇ ಬೈದು ಕಳಸ್ತಿದ್ದೆ. ಹೊಲದಾಗಿನ ಕೆಂಪ ಬಾಳೆಹಣ್ಣ ಕೊಟ್ಟ. ಬ್ಯಾಡ ಅನ್ಲಾಕ ಆಗಲಿಲ್ಲ, ತಿಂದೆ. ಇವತ್ತ ಕೇಳ್ದ, ಮನಿಗಿ ಯಾವಾಗ ಬರ್ತಿ ಅಂತ."

ರೇವಣ ಮುರಿದ ತುತ್ತನ್ನು ತಟ್ಟೆಗಿಟ್ಟ.

"ನೀ ಏನಂದಿ?"

ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಏನೋ ಅಂದೆ. ನೆನಪಿಲ್ಲ." ಆಮೇಲೆ ಕೇಳಿದಳು, "ಫ್ಲೆಕ್ಸಿನ್ಯಾಗಿನಾಕಿ ನನ್ನಂಗ ಅದಾಳೇನ್ರಿ? ಎಲ್ಲಾರೂ ಅಂತಾರ."

"ಅನ್ನೋರು ಅಂತಾರ ಬಿಡು," ಎಂದ ರೇವಣ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆ. ಕಟ್ಟಿಕೊಂಡವಳನ್ನು ಕೈಯಾರೆ ಇನ್ನೊಬ್ಬರ ಮನೆಗೆ ಒಪ್ಪಿಸಿ ಬಂದವನ ಹೆದರಿಕೆ ಅದು.

ಮರುದಿನ ಅಂಗಡಿಗೆ ಬಂದವನೇ ಗಿರಾಕಿ ಕಡೆಯ ಪರದೆ ಆರಿಸಿ, ಯಾವುದೋ ಮುದುಕಿಯ ಮಬ್ಬುಗಣ್ಣು ತಂದು ಕೂರಿಸಿ ಹೊಸ ಫ್ಲೆಕ್ಸ್ ಮಾಡಿದ. ಮಧ್ಯಾಹ್ನದ ಮೇಲೆ ಅದನ್ನು ಹಿಡಿದು ಕಮಲಾಪುರದ ಬಸ್ಸು ಹತ್ತಿದ. ಹಳೆಯದನ್ನು ಕಂಬದಿಂದ ಬಿಚ್ಚುವಾಗ ಆ ಮುಖ ನೋಡದೆ, ಬೆನ್ನು ಮೇಲಾಗಿ ಸುತ್ತಿದ. ಹೊಸದನ್ನು ಕಟ್ಟಿದ. ಉಸಿರು ಹಗುರಾಯಿತು. ಇಂದೇ ಅವಳಿಗೆ ಎಲ್ಲ ಹೇಳಿ, ಬೈಸಿಕೊಂಡು, ಜೊತೆಗೇ ಮನೆಗೆ ಕರೆದುಕೊಂಡು ಹೋಗಬೇಕು ಎಂದುಕೊಂಡು ರಸ್ತೆ ದಾಟಿದ.

ಮೆಡಿಕಲ್ ಅಂಗಡಿಯ ಬೆಂಚಿನ ಮೇಲೆ ಸಾಯಬಣ್ಣ ಕೂತಿದ್ದ. ರೇವಣನ ಗುರುತು ಹಿಡಿದು ನಕ್ಕ.

"ಕಾಕಾ, ಹಳೇದು ಬಣ್ಣ ಹೋಗಿತ್ತು. ಹೊಸಾದು ಕಟ್ಟೀನ್ರಿ."

"ಕಟ್ಟು ತಮ್ಮಾ. ನನಗೀಗ ಅದರ ದರಕಾರ ಇಲ್ಲ."

ಒಳಗೆ ಭಾಗ್ಯಜ್ಯೋತಿ ಇವರಿಗೆ ಬೆನ್ನು ಮಾಡಿ ಮಾತ್ರೆಯ ಡಬ್ಬಿ ಜೋಡಿಸುತ್ತಿದ್ದಳು. ಸಾಯಬಣ್ಣ ಅತ್ತ ತಿರುಗಿ, ಸಂತೆ ಮುಗಿಸಿದ ಗಂಡ ಹೆಂಡತಿಯನ್ನು ಕರೆಯುವ ಹಾಗೆ ಹೆಸರು ಹಿಡಿಯದೆ ಕರೆದ.

"ಕೇಳ್ತೇನ? ಬಿಸಲ ಇಳೀತು. ಮನಿಗಿ ಹೋಗೂಣ ನಡಿ."

ರೇವಣ ಬಾಯಿ ತೆರೆದ. ಜ್ಯೋತಿ ಎನ್ನುವಷ್ಟರಲ್ಲಿ ಅವಳ ದನಿ ಬಂತು.

"ಹೂಂ, ಬಂದೆ."

ಕೈಯಲ್ಲಿದ್ದ ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಅವಳು ತಿರುಗಿದಳು. ಕೂತವನನ್ನೂ ಪಕ್ಕದಲ್ಲಿ ನಿಂತವನನ್ನೂ ಒಂದೇ ಸಮ ನೋಡಿದಳು. ಕರೆದದ್ದು ಯಾರು ಎಂದು ಕೇಳಲಿಲ್ಲ.